ಕೊಳವೆಯೊಳಗೆ ಆಡಿದ ತ್ರೂಕೊ

ನನ್ನ ನಗುವಿಗೆ ಇದುವರೆಗೆ ತಗಲಿದ ಖರ್ಚು ಇಷ್ಟು: ಮೇಲಿನ ಸಾಲಿನ ಎರಡು ಹಲ್ಲು, ಎಡಗೈ ಮಣಿಕಟ್ಟಿನ ಒಂದು ಮೂಳೆ, ಲೆಕ್ಕವಿಡಲಾಗದಷ್ಟು ಕನ್ನಡಕ, ಬೇಕರಿಯ ಕೆಲಸ ಮತ್ತು ಒಬ್ಬ ವರ. ವರ ರೈಲ್ವೆಯಲ್ಲಿದ್ದ, ಒಳ್ಳೆಯವನು. ಕುಣಿತದ ನಡುವೆ ಕಿವಿಯ ಹತ್ತಿರ ಬಾಗಿ ಮದುವೆಯ ಮಾತೆತ್ತಿದ. ನನಗಾದ ಸಂತೋಷಕ್ಕೆ ಮೊಣಕಾಲು ಸಡಿಲಿ ಅವನ ತೋಳಿನಿಂದ ಜಾರಿ ನೆಲಕ್ಕೆ ಬಿದ್ದೆ. ಸತ್ತೇ ಹೋದೆ ಎಂದುಕೊಂಡ, ಪಾಪ. ಬದುಕಿದ್ದೇನೆಂದು ತಿಳಿದ ಮೇಲೂ ಅವನ ಹೆದರಿಕೆ ಹೋಗಲಿಲ್ಲ. ಸಾಂತಾ ಫೆಗೆ ವರ್ಗ ಮಾಡಿಸಿಕೊಂಡು ಹೊರಟುಹೋದ.

ಇದರಲ್ಲಿ ವರ ಮತ್ತು ಬೇಕರಿ ನನ್ನ ಹಣೆಬರಹದ ಖಾತೆಗೆ. ಹಲ್ಲು ಮತ್ತು ಮೂಳೆ ನನ್ನ ಭಾವ ರುಫೀನೊನ ಖಾತೆಗೆ. ಅದನ್ನು ನಾನು ಹೇಗೆ ವಸೂಲಿ ಮಾಡಿದೆ ಎಂಬುದಷ್ಟೇ ಇಲ್ಲಿ ಹೇಳುವುದು.

ಕಾಯಿಲೆಯ ಹೆಸರು ನಾರ್ಕೊಲೆಪ್ಸಿ ಎಂದು ನನಗೆ ತಿಳಿದದ್ದು ನಲವತ್ತು ದಾಟಿದ ಮೇಲೆ. ಅಲ್ಲಿಯವರೆಗೆ ಅದನ್ನು ಬೇಕರಿಯಲ್ಲಿ ಸೋಮಾರಿತನ ಅಂದರು, ಇಗರ್ಜಿಯಲ್ಲಿ ಭಕ್ತಿ ಸಾಲದು ಅಂದರು, ಮನೆಯಲ್ಲಿ ನರಗಳ ದೌರ್ಬಲ್ಯ ಅಂದರು. ಕಾಯಿಲೆಗೆ ಎರಡು ಮುಖ. ಒಂದು, ಹಗಲು ಹೊತ್ತಿನಲ್ಲಿ ಕೂತಲ್ಲೇ ನಿದ್ದೆ ಬಂದು ಕವುಚಿಕೊಳ್ಳುತ್ತದೆ. ಅದನ್ನು ನಾನು ಹೇಗೋ ಸಂಭಾಳಿಸಿದೆ. ಬೇಕರಿ ಬಿಡಿಸಿದ ಮೇಲೆ ಮನೆಯಲ್ಲೇ ಶಾಲೆ ಮಕ್ಕಳ ಬಿಳಿ ಅಂಗಿ ಹೊಲಿಯಲು ಶುರುಮಾಡಿದೆ. ನಿದ್ದೆ ಬಂದರೆ ಕಾಲು ನಿಲ್ಲುತ್ತದೆ, ಕಾಲು ನಿಂತರೆ ಹೊಲಿಗೆ ಮಿಷನ್ನೂ ನಿಲ್ಲುತ್ತದೆ, ಎದ್ದ ಮೇಲೆ ನಿಂತಲ್ಲಿಂದ ಹೊಲಿಯಬಹುದು. ಇನ್ನೊಂದು ಮುಖ ಕೆಟ್ಟದ್ದು. ಜೋರಾಗಿ ನಗು ಬಂದರೆ, ಮನಸ್ಸು ಉಬ್ಬಿಬಂದರೆ, ಮೈಯ ಬಲವೆಲ್ಲ ಒಮ್ಮೆಗೇ ಸೋರಿಹೋಗುತ್ತದೆ. ಮೊದಲು ಕೆನ್ನೆ, ಆಮೇಲೆ ದವಡೆ, ಆಮೇಲೆ ಕತ್ತು, ಕೊನೆಗೆ ಮೊಣಕಾಲು. ಇದು ನಿದ್ದೆಯಲ್ಲ, ಮೂರ್ಛೆಯೂ ಅಲ್ಲ. ಬಿದ್ದವಳಿಗೆ ಪೂರ್ತಿ ಎಚ್ಚರ ಇರುತ್ತದೆ. ಎಲ್ಲ ಕೇಳುತ್ತದೆ. ಬೆರಳೊಂದನ್ನು ಎತ್ತಲಾಗುವುದಿಲ್ಲ, ಅಷ್ಟೆ.

ಭಾವ ನಾದಿನಿಯನ್ನು ಗೋಳುಹೊಯ್ದುಕೊಳ್ಳುವುದು ಎಲ್ಲ ಊರಿನಲ್ಲೂ ಇರುವುದೇ. ಆದರೆ ರುಫೀನೊನಿಗೆ ಅದು ಪ್ರದರ್ಶನವಾಗಿತ್ತು. ನಮ್ಮ ಬಡಾವಣೆಯ ಕ್ಲಬ್ಬಿಗೆ ಭಾನುವಾರ ಬೇರೆ ಕ್ಲಬ್ಬಿನವರು ತ್ರೂಕೊ ಎಂಬ ಇಸ್ಪೀಟು ಆಡಲು ಬರುತ್ತಿದ್ದರು. ಅವರನ್ನು ಸುತ್ತ ಸೇರಿಸಿಕೊಂಡು ಹೇಳುವನು: "ನೋಡ್ತಿರಿ, ಈ ಹೆಂಗಸನ್ನ ಮುಟ್ಟದೇನೇ ನೆಲಕ್ಕೆ ಕೆಡವ್ತೀನಿ. ಎಲ್ರಿಗೂ ಒಂದು ಸುತ್ತು ವರ್ಮುತ್ ಕುಡಿಸೋ ಪಂದ್ಯ, ಯಾರು ಕಟ್ತೀರಿ?"

ಆಮೇಲೆ ನಮ್ಮ ಹಳೆಯ ಬೇಕರಿ ಯಜಮಾನನ ವೇಷ. ತಕ್ಕಡಿಯ ಮೇಲೆ ರೊಟ್ಟಿಯ ಜೊತೆ ಹೆಬ್ಬೆರಳನ್ನೂ ಇಟ್ಟು ಒತ್ತುವುದು, ಕಣ್ಣನ್ನು ಮಾತ್ರ ಏಸುವಿನ ಪಟದ ಕಡೆ ತಿರುಗಿಸುವುದು, ಗಿರಾಕಿ ಹೋದ ಮೇಲೆ ಹೆಬ್ಬೆರಳಿಗೆ ಮುತ್ತು ಕೊಡುವುದು. ಹಾಳಾದವನು, ಅದನ್ನು ಎಷ್ಟು ಚೆನ್ನಾಗಿ ಮಾಡುತ್ತಿದ್ದನೆಂದರೆ ಹಲ್ಲು ಕಚ್ಚಿ ತಡೆದರೂ ನಗು ಬರುತ್ತಿತ್ತು. ನಾನು ಬೀಳುತ್ತಿದ್ದೆ. ನನ್ನ ಮೇಲೆ ಬಗ್ಗಿ, "ಇವಳಿಗೀಗ ಏನೂ ಕೇಳ್ಸಲ್ಲ, ಬೇಕಾದ್ದು ಮಾತಾಡ್ಕೊಳ್ಳಿ" ಎನ್ನುವನು. ಅವರು ಬೇಕಾದ್ದು ಮಾತಾಡಿಕೊಳ್ಳುವರು. ನನ್ನ ಕಾಲಿನ ಬಗ್ಗೆ, ವಯಸ್ಸಿನ ಬಗ್ಗೆ, ಮದುವೆಯಾಗದ್ದರ ಬಗ್ಗೆ. ಕ್ಯಾಂಟೀನಿನ ತೆಲ್ಮೊ ಮಾತ್ರ ಒಂದು ದಿಂಬು ತಂದು ತಲೆಯ ಕೆಳಗಿಟ್ಟು, ಲಂಗ ಸರಿಮಾಡಿ ಹೋಗುತ್ತಿದ್ದ.

ಅಕ್ಕನ ಮೊಮ್ಮಗುವಿನ ದೀಕ್ಷಾಸ್ನಾನದ ದಿನ ನಾನು ಗಾಜಿನ ಲೋಟಗಳ ತಟ್ಟೆ ಹಿಡಿದು ಬರುತ್ತಿದ್ದೆ. ರುಫೀನೊ ಎದುರಿಗೆ ಬಂದವನೇ ಹೆಬ್ಬೆರಳಿಗೆ ಮುತ್ತು ಕೊಟ್ಟ. ಹಲ್ಲು ಮತ್ತು ಮಣಿಕಟ್ಟು ಹೋದದ್ದು ಅವತ್ತು.

"ಅವರ ಸ್ವಭಾವಾನೇ ಹಾಗೆ ಕಣೇ," ಅಂದಳು ನಿಲ್ದಾ, ನನ್ನಕ್ಕ, ಬಾಯಿಯ ರಕ್ತ ಒರೆಸುತ್ತ. "ಪ್ರೀತಿಗೆ ಮಾಡೋದು."

"ಹಾಗಾದ್ರೆ ನಿನ್ನ ಮೇಲೆ ಯಾಕೆ ಅಷ್ಟು ಪ್ರೀತಿ ಇಲ್ಲ?" ಅಂದೆ. ಎರಡು ಹಲ್ಲು ಕಡಿಮೆಯಾಗಿತ್ತು, ಮಾತು ಅವಳಿಗೆ ಅರ್ಥವಾಯಿತೋ ಇಲ್ಲವೋ.

ಕ್ಲಬ್ಬಿಗೆ ಹೋಗುವುದನ್ನೇ ಬಿಡಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ತ್ರೂಕೊ ಆಡದವರು ಹಾಗೆ ಕೇಳುತ್ತಾರೆ. ಕೈಗೆ ಮೂರೇ ಎಲೆ ಬರುವ ಆಟ ಅದು. ಎಲ್ಲಕ್ಕಿಂತ ದೊಡ್ಡ ಎಲೆ ಕತ್ತಿಯ ಎಕ್ಕ; ಕತ್ತಿಯ ಏಳು, ಮೂರುಗಳು ಕೂಡ ದೊಡ್ಡವೇ. ಎಲೆ ಚೆನ್ನಾಗಿದ್ದರೂ ಇಲ್ಲದಿದ್ದರೂ "ತ್ರೂಕೊ" ಎಂದು ಕೂಗಿ ಪಣ ಏರಿಸಬಹುದು. ಎದುರಿನವನು ಒಪ್ಪಬೇಕು, ಇಲ್ಲವೇ ಇನ್ನೂ ಮೇಲೇರಿಸಬೇಕು, ಇಲ್ಲವೇ ಎಲೆ ಮಡಚಿ ಸೋಲೊಪ್ಪಬೇಕು. ಅವನು ಮಡಚಿದರೆ ನಿನ್ನ ಎಲೆ ಏನಿತ್ತೆಂದು ನೀನು ತೋರಿಸಬೇಕಾಗಿಲ್ಲ. ಸುಳ್ಳು ಹೇಳುವುದೇ ಆಟದ ಜೀವ. ನನಗೆ ಎಲೆ ನೆನಪಿಡುವುದು ಗೊತ್ತು, ಮನುಷ್ಯರನ್ನು ಓದುವುದು ಗೊತ್ತು, ಸುಳ್ಳು ಹೇಳುವುದು ಮಾತ್ರ ಆಗುತ್ತಿರಲಿಲ್ಲ. ಒಳ್ಳೆಯ ಎಲೆ ಬಂದ ಖುಷಿಗೆ ಮುಖ ಇಳಿಯುತ್ತಿತ್ತು. ರುಫೀನೊ ಮೇಜಿನ ಆ ಕಡೆಯಿಂದ ಕೂಗಿ ಹೇಳುವನು: "ಮೂಟೆಯ ಕೆನ್ನೆ ಇಳೀತು, ಮೂರು ಬಂದಿದೆ. ಅಯ್ಯೋ, ದವಡೇನೂ ಬಿತ್ತು! ಕತ್ತಿ ಎಕ್ಕ! ಮಡಚ್ರಪ್ಪಾ ಮಡಚಿ!" ಬೇಕರಿಯಲ್ಲಿದ್ದವಳೆಂದು ನನಗೆ ಅವನಿಟ್ಟ ಹೆಸರು ಹಿಟ್ಟಿನ ಮೂಟೆ.

ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ನನ್ನನ್ನು ನೋಡಿಕೊಳ್ಳುತ್ತಿದ್ದವರು ಡಾಕ್ಟರ್ ಗಲಾರ್ಸಾ. ನನಗೆ ಮಗಳಿದ್ದಿದ್ದರೆ ಅವಳ ವಯಸ್ಸಿನವರು, ಉಗುರು ಕಚ್ಚುವ ಅಭ್ಯಾಸ. ಕಾಯಿಲೆಯ ಹೆಸರು ಹೇಳಿದವರು ಅವರೇ. "ಮಿದುಳಿನ ಒಳಗೆ ಒಂದು ಹುರುಳಿಕಾಳಿನಷ್ಟು ಜಾಗದಲ್ಲಿ ಎಚ್ಚರ ಕಾಯೋ ಜೀವಕಣಗಳಿರ್ತಾವೆ. ನಿಮ್ಮಲ್ಲಿ ಅವು ಸತ್ತುಹೋಗಿವೆ. ಸೋಮಾರಿತನ ಅಲ್ಲ, ನರದ ದೌರ್ಬಲ್ಯ ಅಲ್ಲ" ಎಂದು ಬಿಡಿಸಿ ಹೇಳಿದ್ದರು. ಅವತ್ತು ನಾನು ಬಸ್ಸಿಗೆ ಕಾಯದೆ ಮನೆಯವರೆಗೂ ನಡೆದುಕೊಂಡೇ ಬಂದಿದ್ದೆ.

ಅವರು ಒಂದು ಸಂಶೋಧನೆ ಶುರುಮಾಡಿದರು. ನಾರ್ಕೊಲೆಪ್ಸಿ ಇರುವವರನ್ನು ಸ್ಕ್ಯಾನಿಂಗ್ ಯಂತ್ರದ ಕೊಳವೆಯೊಳಗೆ ಮಲಗಿಸುವುದು, ಅಲ್ಲೇ ಖುಷಿಪಡಿಸುವುದು, ಮೈಯ ಬಲ ಸೋರುವ ಆ ಗಳಿಗೆಯಲ್ಲಿ ಮಿದುಳಿನೊಳಗೆ ಏನು ನಡೆಯುತ್ತದೆ ಎಂದು ಚಿತ್ರ ಹಿಡಿಯುವುದು. ನಾನು ಒಪ್ಪಿದೆ. ಅದಕ್ಕಾಗಿ ಮಾತ್ರೆ ನಿಲ್ಲಿಸಬೇಕಾಯಿತು. ಕಬ್ಬಿಣವಿರುವುದನ್ನೆಲ್ಲ ಕಳಚಬೇಕಾಯಿತು. ಒಳರವಿಕೆಯ ಕೊಕ್ಕೆ, ತಲೆಪಿನ್ನು, ಕೊನೆಗೆ ತಂತಿಯಿದ್ದ ಎರಡು ಕಟ್ಟಿಸಿದ ಹಲ್ಲನ್ನೂ ತೆಗೆದು ಬಟ್ಟಲಿಗೆ ಹಾಕಿದೆ. ತಲೆಯ ಎರಡೂ ಕಡೆ ಸ್ಪಂಜು ತುರುಕಿ ಒಳಗೆ ತಳ್ಳಿದರು. ತಗಡಿನ ಮನೆಯ ಮೇಲೆ ಸುತ್ತಿಗೆ ಬಡಿದ ಹಾಗೆ ಸದ್ದು. ಕಣ್ಣ ಮುಂದಿನ ಕನ್ನಡಿಯಲ್ಲಿ ನಗೆಚಿತ್ರಗಳು. ಬೆಕ್ಕೊಂದು ಪಿಯಾನೋದಿಂದ ಬಿತ್ತು. ದಪ್ಪನೆಯ ಮನುಷ್ಯನೊಬ್ಬ ಬಾಳೆಸಿಪ್ಪೆಯ ಮೇಲೆ ಜಾರಿದ.

ಬೀಳುವವರನ್ನು ನೋಡಿ ನನಗೆ ಯಾಕೆ ನಗು ಬರಬೇಕು? ಮೈ ಕಲ್ಲಿನ ಹಾಗೆ ಗಟ್ಟಿಯಾಗಿಯೇ ಇತ್ತು.

ಹೊರಗೆ ಬಂದ ಮೇಲೆ ಡಾಕ್ಟರ್ ಗಲಾರ್ಸಾ ಉಗುರು ಕಚ್ಚುತ್ತ ಕೂತರು. "ಬಂದವರಲ್ಲಿ ಒಬ್ಬರೂ ಆ ಕೊಳವೆಯೊಳಗೆ ಸರಿಯಾಗಿ ಸಡಿಲಾಗಲಿಲ್ಲ, ದೆಲ್ಮೀರಾ ಅವರೇ. ಹೊರಗೆ ಎಲ್ರೂ ಬೀಳ್ತಾರೆ, ಒಳಗೆ ಯಾರೂ ಇಲ್ಲ. ಹೀಗಾದ್ರೆ ಸಂಶೋಧನೆ ಮುಚ್ಚಬೇಕಾಗತ್ತೆ. ನಿಮಗೆ ನಿಜವಾಗ್ಲೂ ಖುಷಿ ಕೊಡೋದು ಏನು ಹೇಳಿ?"

"ತ್ರೂಕೊ ಗೆಲ್ಲೋದು."

"ಅಷ್ಟೇ ತಾನೆ? ಕಂಪ್ಯೂಟರಿನಲ್ಲಿ ಆ ಆಟ ಹಾಕಿಸ್ತೀನಿ."

"ಕಂಪ್ಯೂಟರನ್ನ ಸೋಲಿಸಿ ಏನು ಮಾಡ್ಲಿ ಡಾಕ್ಟ್ರೇ? ಅದಕ್ಕೆ ಹೊಟ್ಟೆ ಉರಿಯುತ್ತಾ?"

ಅವರು ಕುರ್ಚಿ ಹತ್ತಿರ ಎಳೆದುಕೊಂಡರು. "ಯಾರ ಹೊಟ್ಟೆ ಉರೀಬೇಕು?"

ಹೇಳಿದೆ. ಹಲ್ಲಿನ ಕಥೆಯನ್ನೂ ಹೇಳಿದೆ. ಅವರು ಬಟ್ಟಲಿನಲ್ಲಿದ್ದ ಹಲ್ಲನ್ನು ಕರವಸ್ತ್ರದಲ್ಲಿ ಒರೆಸಿ ನನ್ನ ಕೈಗೆ ಕೊಟ್ಟರು.

ರುಫೀನೊನನ್ನು ಕರೆತರುವುದು ಕಷ್ಟವಿರಲಿಲ್ಲ. ಹೊಗಳಿಕೆಗಿಂತ ಸವಾಲಿಗೆ ಬೇಗ ಬೀಳುವ ಮನುಷ್ಯ. ಭಾನುವಾರ ಕ್ಲಬ್ಬು ತುಂಬಿದ್ದಾಗ ಅವನ ಮೇಜಿನ ಮುಂದೆ ಹೋಗಿ ನಿಂತೆ.

"ಭಾವ, ಆಸ್ಪತ್ರೆಯವರು ನನ್ನ ಮಿದುಳಿನ ಚಿತ್ರ ತೆಗೀತಿದಾರೆ. ನನ್ನ ಜೊತೆ ತ್ರೂಕೊ ಆಡೋಕೆ ಗಟ್ಟಿಗ ಒಬ್ಬ ಬೇಕಂತೆ. ನನ್ನ ಮುಖ ನೋಡದೆ ಆಡ್ಬೇಕು. ನಿನ್ನ ಕೈಲಾಗಲ್ಲ ಅಂದೆ."

"ನಿನ್ನ ಮಿದುಳಿನ ಚಿತ್ರಾನಾ? ಖಾಲಿ ಹಾಳೆ ಕೊಟ್ಟು ಕಳಿಸ್ತಾರೆ ಬಿಡು!" ಎಲ್ಲರೂ ನಕ್ಕರು. "ನಿನ್ನ ಮುಖ ಯಾಕೆ ಬೇಕೇ ನಂಗೆ? ಗೋಡೆ ಆಚೆಯಿಂದ್ಲೂ ನಿನ್ನ ಓದ್ತೀನಿ. ಪಣ ಏನು?"

"ನಾನು ಸೋತ್ರೆ ಕ್ಲಬ್ಬಿನ ವಾರ್ಷಿಕೋತ್ಸವದ ದಿನ ವೇದಿಕೆ ಮೇಲೆ ಬಂದು ನಿಲ್ತೀನಿ. ಹೊರಗಿನ ಅತಿಥಿಗಳ ಮುಂದೆ ನನ್ನ ಕೆಡವು. ನೀನು ಸೋತ್ರೆ ಇಲ್ಲಿ, ನಾನು ಬೀಳೋ ಜಾಗದಲ್ಲಿ, ಬೆನ್ನು ನೆಲಕ್ಕಂಟಿಸಿ ಮಲ್ಕೋಬೇಕು. ಎಲ್ರ ಮುಂದೆ. ತೆಲ್ಮೊ ಒಲೆ ಮೇಲೆ ಮಾತೆಗೆ ನೀರಿಡ್ತಾನೆ. ಅದು ಕಾಯೋವರೆಗೂ ಏಳಂಗಿಲ್ಲ."

ಮಾತೆ ನಮ್ಮಲ್ಲಿ ಎಲ್ಲರೂ ಕುಡಿಯುವ ಸೊಪ್ಪಿನ ಕಷಾಯ. ಅದರ ನೀರು ಎಷ್ಟು ಹೊತ್ತಿಗೆ ಕಾಯುತ್ತದೆಂದು ನಮ್ಮವರ ಮೈಗೇ ಗೊತ್ತು.

"ಬೇಡ ಕಣೇ, ಬೇಡ ರೀ," ಅಂದಳು ನಿಲ್ದಾ ಇಬ್ಬರಿಗೂ. ರುಫೀನೊ ಆಗಲೇ ಕೈ ಚಾಚಿದ್ದ.

ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಆಸ್ಪತ್ರೆಗೆ ಬಂದ. ಕ್ಲಬ್ಬಿನವರು ಸಾಕ್ಷಿಗೆಂದು ತೆಲ್ಮೊನನ್ನು ಜೊತೆಗೆ ಕಳಿಸಿದ್ದರು. ಗಾಜಿನ ಗೋಡೆಯ ಆಚೆ, ಯಂತ್ರ ನಡೆಸುವ ಕೋಣೆಯಲ್ಲಿ ಅವರಿಬ್ಬರನ್ನು ಕೂರಿಸಿದರು. ರುಫೀನೊನ ಮುಂದೆ ಒಂದು ಪರದೆ. ಅವನ ಎಲೆ ಅವನಿಗೆ, ನನ್ನ ಎಲೆ ಕೊಳವೆಯ ಕನ್ನಡಿಯಲ್ಲಿ ನನಗೆ. ನನ್ನ ಬಲಗೈಗೆ ಗುಂಡಿಗಳ ಪೆಟ್ಟಿಗೆ: ಒಪ್ಪಿದೆ, ಏರಿಸಿದೆ, ಮಡಚಿದೆ. ನನಗೆ ಮೈ ಸಡಿಲಾದರೆ ಆಟ ಕಾಯಬೇಕು, ಆತುರಪಡಿಸಬಾರದು ಎಂದು ಡಾಕ್ಟರ್ ನಿಯಮ ಮಾಡಿದ್ದರು. ಹದಿನೈದು ಅಂಕಕ್ಕೆ ಮುಟ್ಟಿದವರು ಗೆದ್ದಂತೆ. ಕಿವಿಗೆ ಹಾಕಿದ ಸಾಧನದಲ್ಲಿ ಅವನ ದನಿ ಕೇಳುತ್ತಿತ್ತು.

"ಏನಮ್ಮಾ ಮೂಟೆ, ಗೋಡೌನಿಗೆ ಹಾಕಿದ್ರಾ? ಇಲಿ ಗಿಲಿ ಇದಾವಾ?"

ಹಲ್ಲಿಲ್ಲದ ಬಾಯಲ್ಲಿ ಮಾತಾಡಿ ಅವನಿಗೆ ಇನ್ನೊಂದು ಆಟಿಕೆ ಕೊಡುವುದು ಬೇಡವಿತ್ತು.

ಮೊದಲ ಕೈಗೇ ನನಗೆ ಕತ್ತಿಯ ಎಕ್ಕ ಬಂತು, ಜೊತೆಗೆ ಒಂದು ಮೂರು. ಅವನು ಗತ್ತಿನಿಂದ ತ್ರೂಕೊ ಕೂಗಿದ. ಏರಿಸೋಣವೆಂದು ಗುಂಡಿ ಒತ್ತಹೋದೆ, ಬೆರಳಿರಲಿಲ್ಲ. ಕೆನ್ನೆ ಇಳಿಯಿತು, ದವಡೆ ಜೋತುಬಿತ್ತು. ಯಾವ ಚಿಂತೆಯೂ ಇರಲಿಲ್ಲ, ಯಾಕೆಂದರೆ ಮಲಗಿದವಳು ಇನ್ನೆಲ್ಲಿಗೆ ಬೀಳುತ್ತಾಳೆ? ಮೂವತ್ತು ವರ್ಷದಲ್ಲಿ ಮೊದಲ ಸಲ ಗಾಯದ ಭಯವಿಲ್ಲದೆ, ಯಾರ ಕಣ್ಣಿಗೂ ಬೀಳದೆ, ಒಂದು ಸಂತೋಷವನ್ನು ಪೂರ್ತಿ ಅನುಭವಿಸಿದೆ. ಆಚೆ ಡಾಕ್ಟರ್ "ಬಂತು, ಬಂತು!" ಎಂದು ಪಿಸುಗುಟ್ಟಿದ್ದು ಕೇಳಿಸಿತು. ಬಲ ಮರಳಿದ ಮೇಲೆ ಏರಿಸಿ ಒತ್ತಿದೆ. ಅವನು ಒಪ್ಪಿ ಸೋತ.

ಆದರೆ ಅವನು ಹೆಡ್ಡನಲ್ಲ. ಕಿವಿಯಲ್ಲಿ ಅವನ ನಗು ಕೇಳಿತು. "ಓಹೋ. ತಡ ಆದ್ರೆ ಒಳ್ಳೇ ಎಲೆ. ಮುಖ ಕಾಣ್ದಿದ್ರೇನಂತೆ, ಗಡಿಯಾರ ಇದ್ಯಲ್ಲ!"

ಅಲ್ಲಿಂದ ಮುಂದೆ ನನ್ನ ಒಳ್ಳೆಯ ಎಲೆಗೆ ಬೆಲೆಯೇ ಇಲ್ಲದಾಯಿತು. ನಾನು ತಡಮಾಡಿದರೆ ಅವನು ಮಡಚುವನು, ನನಗೆ ಸಿಗುವುದು ಪುಡಿ ಅಂಕ. ನಾನು ಬೇಗ ಒತ್ತಿದರೆ ಧೈರ್ಯವಾಗಿ ಏರಿಸುವನು, ನನ್ನ ಕಸದೆಲೆಯನ್ನು ಬಡಿದುಹಾಕುವನು. ಅವನು ಹತ್ತಕ್ಕೆ ಹೋದ, ನಾನು ಅದರ ಅರ್ಧ. ಗೋಡೆ ಆಚೆಯಿಂದಲೂ ಓದುತ್ತೇನೆ ಎಂದವನು ನಿಜವಾಗಿಯೂ ಓದುತ್ತಿದ್ದ. ವಾರ್ಷಿಕೋತ್ಸವದ ವೇದಿಕೆ ಕಣ್ಣ ಮುಂದೆ ಬಂತು. ಬಣ್ಣದ ಕಾಗದ, ಹೊರಗಿನವರು, ತಕ್ಕಡಿ, ಹೆಬ್ಬೆರಳು.

ಯಂತ್ರಕ್ಕೆ ವಿರಾಮ ಕೊಟ್ಟಾಗ ಡಾಕ್ಟರ್ ಗಲಾರ್ಸಾ ಒಳಗೆ ಬಂದು ನಾನು ಮಲಗಿದ್ದ ಹಲಗೆಯನ್ನು ಅರ್ಧ ಹೊರಗೆಳೆದರು. ಅವರ ಮುಖ ಅರಳಿತ್ತು. "ಎಂಥ ಚಿತ್ರ ಬರ್ತಿದೆ ಗೊತ್ತಾ! ನೀವು ಸೋತ್ರೂ ಸರಿ, ಗೆದ್ರೂ ಸರಿ, ನನ್ನ ಕೆಲಸ ಆಯ್ತು."

"ನನ್ನ ಕೆಲಸ ಆಗಿಲ್ವಲ್ಲ ಡಾಕ್ಟ್ರೇ." ಮೈಕು ಮುಚ್ಚಿದೆಯೇ ಎಂದು ಸನ್ನೆಯಲ್ಲಿ ಕೇಳಿದೆ. ತಲೆಯಾಡಿಸಿದರು. "ಒಂದು ಕೇಳ್ಲಾ? ಸಡಿಲಾಗ್ದೇನೇ ಸಡಿಲಾದೋಳ ಹಾಗೆ ಮಲಗಿದ್ರೆ ನಿಮ್ಮ ಚಿತ್ರ ಕೆಡುತ್ತಾ?"

ಅವರಿಗೆ ಅರ್ಥವಾಗಲು ಕ್ಷಣ ಹಿಡಿಯಿತು. ಆಮೇಲೆ ಉಗುರು ಬಾಯಿಗೆ ಹೋಯಿತು. "ಯಾವುದು ನಿಜ ಯಾವುದು ನಾಟಕ ಅಂತ ನಂಗೆ ಗೊತ್ತಾಗ್ಬೇಕು. ನಾಟಕ ಆದಾಗ ಎಡಗಾಲಿನ ಹೆಬ್ಬೆರಳು ಆಡಿಸಿ. ಕಾಲಿನ ಕಡೆ ಕ್ಯಾಮರಾ ಇದೆ, ಆ ಪರದೆ ನನ್ನ ಮುಂದೆ ಮಾತ್ರ ಇದೆ. ನಿಜವಾದ್ದರ ಪಕ್ಕ ನಾಟಕದ್ದೂ ಒಂದು ಇದ್ರೆ ಹೋಲಿಸಿ ನೋಡೋಕೆ ನಂಗೂ ಅನುಕೂಲವೇ."

"ಭಾವನಿಗೆ?"

"ನಾನು ಡಾಕ್ಟರು," ಅಂದರು. "ರೋಗಿ ವಿಷಯ ಇನ್ನೊಬ್ಬರ ಹತ್ರ ಬಾಯಿಬಿಡಲ್ಲ."

ಮತ್ತೆ ಕೊಳವೆಯೊಳಗೆ ಹೋದೆ. ಮೊದಲು ಸಣ್ಣ ಸಣ್ಣದಾಗಿ ಪರೀಕ್ಷಿಸಿದೆ. ಸಾಧಾರಣ ಎಲೆ ಬಂದಾಗ ತಡಮಾಡಿದೆ. ಹೆಬ್ಬೆರಳು ಆಡಿಸಿದೆ. ಆಚೆ ಡಾಕ್ಟರ್ ಮೊದಲಿನದೇ ದನಿಯಲ್ಲಿ "ಬಂತು" ಅಂದರು. ರುಫೀನೊ ಮಡಚಿದ. ಇಸ್ಪೀಟು ಎಲೆ ಮನೆಯೊಳಗೆ ಬರಬಾರದೆನ್ನುವ ಕಟ್ಟುನಿಟ್ಟಿನ ಮನೆತನದ ಹುಡುಗಿ ನಮ್ಮ ಡಾಕ್ಟರ್, ಆದರೂ ಇಡೀ ಬಡಾವಣೆಯಲ್ಲಿ ಅಂಥ ಜೊತೆಯಾಟಗಾರ್ತಿ ನನಗೆ ಸಿಕ್ಕಿರಲಿಲ್ಲ.

ಹೀಗೆ ನಾನು ಹನ್ನೆರಡಕ್ಕೆ ಬಂದೆ. ಅವನು ಹದಿಮೂರರಲ್ಲಿದ್ದ. ಆ ಕೈಗೆ ನನಗೆ ಬಂದದ್ದು ನಾಲ್ಕು, ಐದು, ಆರು. ತ್ರೂಕೊದಲ್ಲಿ ಎಲ್ಲಕ್ಕಿಂತ ಚಿಕ್ಕ ಎಲೆಗಳು ಇವೇ. ರುಫೀನೊನ ದನಿ ಬಂತು, ಮೆತ್ತಗೆ, ಎಣ್ಣೆ ಹಚ್ಚಿದ ಹಾಗೆ: "ತ್ರೂಕೊ, ನಾದಿನಿ." ಅವನು ಮೆತ್ತಗೆ ಕೂಗಿದರೆ ಒಳ್ಳೆಯ ಎಲೆ ಇದೆಯೆಂದು ಅರ್ಥ. ನನಗೂ ಮನುಷ್ಯರನ್ನು ಓದಲು ಬರುತ್ತದೆ.

ನಾನು ಒತ್ತಲಿಲ್ಲ. ಸುಮ್ಮನೆ ಮಲಗಿದೆ. ಯಂತ್ರ ಬಡಿಯುತ್ತಿತ್ತು. ಎಡಗಾಲಿನ ಹೆಬ್ಬೆರಳನ್ನು ಆಡಿಸಿದೆ.

"ಬಂತು," ಅಂದರು ಡಾಕ್ಟರ್.

ಇನ್ನೂ ಮಲಗಿದೆ. ಹಿಂದೆಂದೂ ಮಾಡದಷ್ಟು ತಡಮಾಡಿದೆ. ಆ ಮೌನದಲ್ಲಿ ಅವನು ಏನು ಲೆಕ್ಕ ಹಾಕುತ್ತಿದ್ದಾನೆಂದು ನನಗೆ ಕಾಣುತ್ತಿತ್ತು: ಕೆನ್ನೆ ಇಳಿದಿದೆ, ದವಡೆ ಬಿದ್ದಿದೆ, ಕತ್ತಿಯ ಎಕ್ಕವೇ ಇರಬೇಕು, ಜೊತೆಗೆ ಇನ್ನೂ ಏನೋ ಇದೆ. ಮೈ ಸುಳ್ಳು ಹೇಳುವುದಿಲ್ಲ ಎಂದು ಅವನು ಮೂವತ್ತು ವರ್ಷ ನನ್ನ ಮೇಲೇ ಅಭ್ಯಾಸ ಮಾಡಿ ಕಲಿತಿದ್ದ. ಆಮೇಲೆ ಏರಿಸುವ ಗುಂಡಿ ಒತ್ತಿದೆ.

ಅವನ ಲೆಕ್ಕದಲ್ಲಿ, ಒಪ್ಪಿ ಸೋತರೆ ಅಲ್ಲಿಗೇ ಪಂದ್ಯ ಮುಗಿಯುತ್ತಿತ್ತು. ಮಡಚಿದರೆ ಎರಡು ಅಂಕ ನನಗೆ ಹೋದರೂ ಅವನು ಉಳಿದುಕೊಳ್ಳುತ್ತಿದ್ದ. ನಿಜಕ್ಕೂ ಒಪ್ಪಿ ಎಲೆ ಇಳಿಸಿದ್ದರೆ ನಾನು ಮುಗಿದೇ ಹೋಗಿದ್ದೆ. ಕುರ್ಚಿ ಕಿರುಗುಟ್ಟಿತು. ತೆಲ್ಮೊ ಕೆಮ್ಮಿದ. ಕೊನೆಗೆ ರುಫೀನೊ ಬೈಗುಳವೊಂದನ್ನು ಉಗುಳಿ ಮಡಚಿದ. "ಕತ್ತಿ ಏಳು ಇಟ್ಕೊಂಡು ಮಡಚ್ತಿದೀನಿ ನೋಡೋ ತೆಲ್ಮೊ," ಅಂದ ಕಹಿಯಾಗಿ. "ಎಕ್ಕದ ಮುಂದೆ ಏನು ಮಾಡ್ಲಿ."

ಆಗ ಬಂತು ನಿಜವಾದದ್ದು. ಕೆನ್ನೆ, ದವಡೆ, ಕತ್ತು, ಭುಜ, ಬೆರಳು, ಎಲ್ಲ ಒಟ್ಟಿಗೆ ಹೋಯಿತು. ಕಾಲಿನ ಹೆಬ್ಬೆರಳು ಅಲ್ಲಾಡಲಿಲ್ಲ. ಅಂಥ ಸ್ಪಷ್ಟವಾದ ಚಿತ್ರ ಬೇರಾರಿಂದಲೂ ಸಿಗಲಿಲ್ಲ ಎಂದು ಡಾಕ್ಟರ್ ಆಮೇಲೆ ಹೇಳಿದರು. ತೋರಿಸಿದರು ಕೂಡ. ಬೂದು ಬಣ್ಣದ ಮಿದುಳಿನ ನಡುವೆ ಕೆಂಪಗೆ ಹೊತ್ತಿಕೊಂಡ ಎರಡು ಚುಕ್ಕೆ. "ಇದು ಖುಷಿ ತಿಳಿಯೋ ಜಾಗ" ಅಂದರು. ನನಗೆ ಆ ಖುಷಿಯ ಸರಿಯಾದ ಹೆಸರು ಗೊತ್ತಿತ್ತು, ಹೇಳಲಿಲ್ಲ.

ಕೊನೆಯ ಕೈಯಲ್ಲಿ ಹೇಳುವಂಥದ್ದೇನಿಲ್ಲ. ನನಗೆ ಒಂದು ಅಂಕ ಸಾಕಿತ್ತು, ನನ್ನ ರಾಜನ ಎಲೆ ಅವನ ಕುದುರೆಯ ಎಲೆಯನ್ನು ಹೊಡೆಯಿತು, ಪಂದ್ಯ ಮುಗಿಯಿತು.

ಮುಂದಿನ ಭಾನುವಾರ ಕ್ಲಬ್ಬಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಏನೋ ನೆಪ ಹೇಳಿ ಜಾರಿಕೊಳ್ಳಲು ರುಫೀನೊ ನೋಡಿದ. "ಬೆನ್ನು ನೋವು ಕಣ್ರೋ, ಡಾಕ್ಟ್ರು ನೆಲ ಬೇಡ ಅಂದಿದಾರೆ."

"ಯಾವ ಡಾಕ್ಟ್ರು? ನಾನೂ ಬಂದಿದ್ನಲ್ಲ ಆಸ್ಪತ್ರೆಗೆ," ಅಂದ ತೆಲ್ಮೊ ಕೌಂಟರಿನಿಂದ. "ಮಲ್ಕೋ. ದಿಂಬು ಬೇಕಾ?"

ದಿಂಬು ಬೇಡವೆಂದು ಮಲಗಿದ. ಹೊಟ್ಟೆ ಮೇಲಕ್ಕೆ, ಷೂ ಹೊರಕ್ಕೆ. ಅವನನ್ನು ಆ ಕೋನದಿಂದ ಯಾರೂ ನೋಡಿರಲಿಲ್ಲ. ಮೂಗಿನ ಕೂದಲು, ಅಂಗಿಯ ಗುಂಡಿಯ ಸಂದಿನಲ್ಲಿ ಇಣುಕುವ ಹೊಕ್ಕುಳು. ಮೊದಮೊದಲು ಜನ ಮುಜುಗರಪಟ್ಟರು. ಆಮೇಲೆ ಯಾರೋ, "ಇವನಿಗೀಗ ಏನೂ ಕೇಳ್ಸಲ್ಲ, ಬೇಕಾದ್ದು ಮಾತಾಡ್ಕೊಳ್ಳಿ" ಅಂದರು. ಶುರುವಾಯಿತು ನೋಡಿ. ಹೊಟ್ಟೆಯ ಬಗ್ಗೆ, ಬಣ್ಣ ಹಚ್ಚಿದ ಕೂದಲಿನ ಬಗ್ಗೆ, ಹಿಂದಿನ ವರ್ಷ ಅಜ್ಜಿಯರ ತಂಡದ ಎದುರು ಸೋತದ್ದರ ಬಗ್ಗೆ.

"ನೀರು ಏನಾಯ್ತೋ ತೆಲ್ಮೊ?" ಅಂತ ನೆಲದಿಂದ ಕೂಗಿದ.

"ಆಗ್ತಿದೆ, ಆಗ್ತಿದೆ." ತೆಲ್ಮೊ ಒಲೆಯ ಉರಿಯನ್ನು ಮೇಣದ ಬತ್ತಿಯಷ್ಟಕ್ಕೆ ಇಳಿಸಿದ್ದ. "ಇವತ್ಯಾಕೋ ಗ್ಯಾಸು ಸರಿಯಾಗಿ ಬರ್ತಿಲ್ಲ ಕಣಪ್ಪ."

ನಾನು ಬೆಳಿಗ್ಗೆಯೇ ಬಂದು ತೋಳಿರುವ ಕುರ್ಚಿ ಆರಿಸಿ ಗೋಡೆಗೆ ಆನಿಸಿ ಇಟ್ಟುಕೊಂಡಿದ್ದೆ, ಎರಡೂ ಪಕ್ಕಕ್ಕೆ ಹೊಲಿಗೆಯ ಬಟ್ಟೆಗಂಟು ತುರುಕಿ. ಏನಾಗುತ್ತದೆಂದು ನನಗೆ ಗೊತ್ತಿತ್ತು. ಕೆನ್ನೆ ಇಳಿಯಲು ಶುರುವಾದಾಗ ಬೇಗ ಬೇಗ ಹೇಳಿದೆ: "ಭಾವ, ನೀನು ಕತ್ತಿ ಏಳು ಮಡಚಿದ್ಯಲ್ಲ, ಆಗ ನನ್ನ ಹತ್ರ ಎಕ್ಕ ಇತ್ತು ಅಂದ್ಕೊಂಡ್ಯಾ?"

ಅವನು ತಲೆಯೆತ್ತಿದ. "ಯಾಕೆ? ಇರ್ಲಿಲ್ವಾ?"

"ನನ್ನ ಹತ್ರ ಇದ್ದದ್ದು..." ಅಷ್ಟರಲ್ಲಿ ದವಡೆ ಹೋಯಿತು.

"ಏನಿತ್ತೇ? ಹೇಳೇ!"

ಹೇಳಲು ಬಾಯಿರಲಿಲ್ಲ. ಕತ್ತು ಗೋಡೆಗೆ ವಾಲಿತು. ಕಣ್ಣು ಮಾತ್ರ ಅವನ ಮೇಲಿತ್ತು. ಅವನು ಮೊಣಕೈ ಊರಿ ನನ್ನ ಕಡೆ ತೆವಳಿದ. "ದೆಲ್ಮೀರಾ, ಏಯ್, ಎಕ್ಕ ಇತ್ತು ತಾನೆ? ಮೂರಾದ್ರೂ ಇತ್ತಾ? ಇವಳ ದವಡೆ ಎತ್ತಿ ಹಿಡೀರ್ರೋ ಯಾರಾದ್ರೂ!"

"ನೀರು ಕಾದಿದೆ," ಅಂದ ತೆಲ್ಮೊ. "ಏಳಬಹುದು ನೀನು."

ರುಫೀನೊ ಏಳಲಿಲ್ಲ. ಅಲ್ಲೇ ನನ್ನ ಕಾಲ ಬಳಿ, ಕೈಯೂರಿ, ಬಾಯಿ ತೆರೆದುಕೊಂಡು ನನ್ನ ಮುಖವನ್ನೇ ನೋಡುತ್ತ ಕೂತಿದ್ದ. ನಿಲ್ದಾ ಬಂದು ಭುಜ ಹಿಡಿದು, "ಏಳಿ ರೀ, ಜನ ನೋಡ್ತಿದಾರೆ" ಅಂದರೂ ಏಳಲಿಲ್ಲ. ನೀರು ಕುದಿದು ಕೆಟ್ಟಿತು. ಮಾತೆಗೆ ಕುದಿದ ನೀರು ಹಾಕುವಂತಿಲ್ಲ, ತೆಲ್ಮೊ ಚೆಲ್ಲಿ ಬೇರೆ ಇಟ್ಟ.

ಬಲ ಮರಳಿತು. ಬಾಯಿ ಒರೆಸಿಕೊಂಡೆ. ಇಡೀ ಕ್ಲಬ್ಬು ಕಿವಿಗೊಟ್ಟು ನಿಂತಿತ್ತು.

"ನೀನು ಮಡಚಿದ್ದೆ ಭಾವ," ಅಂದೆ. "ಮಡಚಿದೋರಿಗೆ ಎಲೆ ತೋರ್ಸಲ್ಲ."

ಇವತ್ತಿಗೂ ತೋರಿಸಿಲ್ಲ. ಅಕ್ಕನನ್ನು ಕಳಿಸಿ ಕೇಳಿಸಿದ, ಹೇಳಲಿಲ್ಲ. ಆಸ್ಪತ್ರೆಗೂ ಹೋಗಿ ಕೇಳಿದನಂತೆ. ಡಾಕ್ಟರ್ ಗಲಾರ್ಸಾ ರೋಗಿಯ ವಿಷಯ ಇನ್ನೊಬ್ಬರಿಗೆ ಹೇಳುವಂತಿಲ್ಲ ಎಂದು ಕಳಿಸಿದರು. ಒಬ್ಬನೇ ಕೂತು ಎಲೆ ಹಂಚಿಕೊಂಡು, ಕತ್ತಿ ಏಳಿನ ಎದುರು ಬೇರೆ ಬೇರೆ ಕೈ ಇಟ್ಟು ನೋಡುತ್ತಾನೆ ಎಂದು ನಿಲ್ದಾ ಹೇಳುತ್ತಾಳೆ. ಅವನಿಗಾಗಿ ಅವಳು ಮರುಗುತ್ತಾಳೆ. ನಾನು ಮರುಗುವುದಿಲ್ಲ.

ನಾನು ಮತ್ತೆ ಮಾತ್ರೆ ಶುರುಮಾಡಿದ್ದೇನೆ. ಯಾರೂ ಈಗ ನನ್ನನ್ನು ಬೇಕೆಂದು ಕೆಡವುವುದಿಲ್ಲ, ಮೂಟೆ ಎನ್ನುವುದಿಲ್ಲ. ರುಫೀನೊ ಹೊಳೆಯ ಹತ್ತಿರದ ಬೇರೆ ಕ್ಲಬ್ಬಿಗೆ ಹೋಗುತ್ತಾನೆ. ಅವನಷ್ಟು ಚೆನ್ನಾಗಿ ಆಡುವವರು ನಮ್ಮಲ್ಲಿ ಇನ್ನೊಬ್ಬರಿರಲಿಲ್ಲ. ಉಳಿದವರನ್ನು ಸೋಲಿಸಿದರೆ ನನ್ನ ಕೆನ್ನೆಯೂ ಇಳಿಯುವುದಿಲ್ಲ. ಸೇಡು ತೀರಿತು. ಆಟ ಸಪ್ಪೆಯಾಯಿತು.